ಆಪರೇಷನ್ ಆದ ಮೇಲೆ ಕೀಮೋ ಬೇಕಾ? ರಕ್ತದ ಟೆಸ್ಟ್ ಎಷ್ಟು ಹೇಳುತ್ತದೆ

ಪ್ರಶ್ನೆ: ನನ್ನ ತಾಯಿಗೆ 57 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಗಿ ಮೂರು ವಾರದ ಹಿಂದೆ ಮಂಗಳೂರಿನಲ್ಲಿ ಆಪರೇಷನ್ ಆಯಿತು. ರಿಪೋರ್ಟಿನಲ್ಲಿ ಎರಡನೇ ಸ್ಟೇಜ್, ಟಿ3 ಎನ್0 ಅಂತ ಇದೆ. 18 ಲಿಂಫ್ ಗಂಟು ನೋಡಿದ್ದಾರೆ, ಒಂದರಲ್ಲೂ ಕ್ಯಾನ್ಸರ್ ಇಲ್ಲ. ಆದರೆ ಸಣ್ಣ ರಕ್ತನಾಳದೊಳಗೆ ಕ್ಯಾನ್ಸರ್ ಕಣಗಳು ಕಂಡಿವೆ ಎಂದು ಬರೆದಿದ್ದಾರೆ. ಡಾಕ್ಟರು "ಕೀಮೋ ಕೊಡಬಹುದು, ಕೊಡದೆಯೂ ಇರಬಹುದು, ಮನೆಯಲ್ಲಿ ಯೋಚಿಸಿ" ಅಂದರು. ಅಮೆರಿಕದಲ್ಲಿರುವ ಅಣ್ಣ, ರಕ್ತದಲ್ಲಿ ಕ್ಯಾನ್ಸರಿನ ಡಿಎನ್‌ಎ ಹುಡುಕುವ ಟೆಸ್ಟ್ ಮಾಡಿಸಿ, ನೆಗೆಟಿವ್ ಬಂದರೆ ಕೀಮೋ ಬೇಡ ಅನ್ನುತ್ತಿದ್ದಾನೆ. ಅಷ್ಟು ನಂಬಬಹುದಾ? ಈ ಟೆಸ್ಟ್ ವಿಷಯ ಅಮ್ಮನಿಗೆ ಹೇಳುವುದೋ ಬೇಡವೋ ಅದೂ ಗೊತ್ತಾಗುತ್ತಿಲ್ಲ.
– ಶಿವಮೊಗ್ಗದ ಓದುಗರು

ಉತ್ತರ: ನಿಮ್ಮ ಅಣ್ಣ ಹೇಳಿದ್ದರಲ್ಲಿ ಹುರುಳಿದೆ. ನಿಮ್ಮ ತಾಯಿಯವರಂಥ ರೋಗಿಗಳ ಮೇಲೆಯೇ ಈ ಟೆಸ್ಟಿನ ಒಳ್ಳೆಯ ಅಧ್ಯಯನ ನಡೆದಿದೆ. ಆದರೆ ಅದಕ್ಕೂ ಮೊದಲು ಮಾಡಿಸಬೇಕಾದ, ಅದಕ್ಕಿಂತ ತುಂಬಾ ಅಗ್ಗದ ಇನ್ನೊಂದು ಟೆಸ್ಟ್ ಇದೆ. ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಚೂರುಗಳನ್ನು ಲ್ಯಾಬಿನವರು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಆ ಬ್ಲಾಕಿನ ಮೇಲೆ ಎಂಎಂಆರ್ ಟೆಸ್ಟ್ ಆಗಿದೆಯಾ ಅಂತ ನಾಳೆಯೇ ಕೇಳಿ. ಜೀವಕೋಶ ಒಡೆದು ಎರಡಾಗುವಾಗ ಡಿಎನ್‌ಎಯಲ್ಲಿ ಸಣ್ಣಪುಟ್ಟ ತಪ್ಪು ಆಗುತ್ತಿರುತ್ತದೆ. ಅದನ್ನು ತಿದ್ದುವ ನಾಲ್ಕು ಪ್ರೋಟೀನ್‌ಗಳು ಗಡ್ಡೆಯಲ್ಲಿ ಇವೆಯೋ ಇಲ್ಲವೋ ಎಂದು ಈ ಟೆಸ್ಟ್ ನೋಡುತ್ತದೆ. ಅವುಗಳಲ್ಲಿ ಯಾವುದಾದರೂ ಕಾಣೆಯಾಗಿದ್ದರೆ, ಎರಡನೇ ಸ್ಟೇಜಿನಲ್ಲಿ ಅದು ಒಳ್ಳೆಯ ಸುದ್ದಿ. ಅಂಥ ಕ್ಯಾನ್ಸರ್ ಮರಳಿ ಬರುವುದು ಕಡಿಮೆ. ಮಾತ್ರೆಯ ಕೀಮೋದಿಂದ ಅವರಿಗೆ ಲಾಭವೂ ಕಾಣುವುದಿಲ್ಲ. ಅಂದರೆ ನಿಮ್ಮ ಗೊಂದಲ ಬಹುಪಾಲು ಅಲ್ಲೇ ಬಗೆಹರಿಯಬಹುದು. ಹಾಗೆ ಬಂದರೆ ಇನ್ನೊಂದು ಕೆಲಸ ಬಾಕಿ ಇರುತ್ತದೆ: ಇದು ವಂಶದಲ್ಲಿ ಬರುವ ಲಿಂಚ್ ಸಿಂಡ್ರೋಮ್ ಹೌದೋ ಅಲ್ಲವೋ ನೋಡಬೇಕು. ಹೌದಾದರೆ ನಿಮಗೂ ನಿಮ್ಮ ಅಣ್ಣನಿಗೂ ಬೇಗನೇ ಕೊಲೊನೋಸ್ಕೋಪಿ ಬೇಕಾಗುತ್ತದೆ. ಅಮ್ಮನ ಒಂದು ರಿಪೋರ್ಟ್ ಇಡೀ ಮನೆಗೆ ಎಚ್ಚರಿಕೆ ಕೊಡಬಲ್ಲದು. ಇಷ್ಟು ಮುಖ್ಯವಾದ ಟೆಸ್ಟ್ ಬಿಟ್ಟು ದುಬಾರಿ ರಕ್ತಪರೀಕ್ಷೆಗೆ ಹಾರುವುದು ಸರಿಯಲ್ಲ.

ಎಂಎಂಆರ್ ಸರಿಯಾಗಿಯೇ ಇದೆ ಅಂತ ಬಂತು ಅಂದುಕೊಳ್ಳಿ. ಹೆಚ್ಚಿನವರಲ್ಲಿ ಹಾಗೇ ಬರುತ್ತದೆ. ಆಗ ಅಣ್ಣ ಹೇಳಿದ ಟೆಸ್ಟಿನ ವಿಚಾರ ಬರುತ್ತದೆ.

ನಿಮ್ಮ ಡಾಕ್ಟರು "ಕೊಡಬಹುದು, ಕೊಡದೆಯೂ ಇರಬಹುದು" ಅಂದದ್ದು ಜಾರಿಕೊಳ್ಳುವ ಮಾತಲ್ಲ. ಎರಡನೇ ಸ್ಟೇಜಿನಲ್ಲಿ ಆಪರೇಷನ್ ಒಂದರಿಂದಲೇ ನೂರರಲ್ಲಿ ಸುಮಾರು ಎಂಬತ್ತು ಜನ ಗುಣವಾಗುತ್ತಾರೆ. ಉಳಿದವರಿಗೆ ಕ್ಯಾನ್ಸರ್ ಮರಳಿ ಬರುತ್ತದೆ. ಎಲ್ಲರಿಗೂ ಕೀಮೋ ಕೊಟ್ಟರೆ ಏನಾಗುತ್ತದೆ ಅಂತ ಬ್ರಿಟನ್ನಿನ ಕ್ವೇಸರ್ ಅಧ್ಯಯನ 3,239 ಜನರಲ್ಲಿ ನೋಡಿತು. 2007ರಲ್ಲಿ ಬಂದ ಅದರ ಲೆಕ್ಕದ ಪ್ರಕಾರ, ನೂರು ಜನಕ್ಕೆ ಕೊಟ್ಟರೆ ಮೂರು-ನಾಲ್ಕು ಜನರ ಜೀವ ಹೆಚ್ಚಿಗೆ ಉಳಿಯುತ್ತದೆ. ಮಿಕ್ಕ ತೊಂಬತ್ತಾರು ಜನ ಆ ತಿಂಗಳುಗಳ ಸುಸ್ತು, ಭೇದಿ, ಅಂಗೈ ಅಂಗಾಲು ಸುಲಿಯುವುದು ಎಲ್ಲವನ್ನೂ ಲಾಭವಿಲ್ಲದೆ ಅನುಭವಿಸುತ್ತಾರೆ. ಲಾಭ ಆಗುವ ಆ ಮೂರು-ನಾಲ್ಕು ಜನ ಯಾರು? ರಿಪೋರ್ಟಿನಲ್ಲಿ ಅದಕ್ಕೆ ಕೆಲವು ಸುಳಿವು ಸಿಗುತ್ತವೆ. ಗಡ್ಡೆ ಕರುಳಿನ ಗೋಡೆ ದಾಟಿ ಹೊರಮೈವರೆಗೆ ಬಂದಿದೆಯಾ, ಕರುಳು ಕಟ್ಟಿಕೊಂಡಿತ್ತಾ ಅಥವಾ ತೂತು ಬಿದ್ದಿತ್ತಾ, 12ಕ್ಕಿಂತ ಕಡಿಮೆ ಗಂಟು ನೋಡಿದ್ದಾರಾ, ರಕ್ತನಾಳದೊಳಗೆ ಕ್ಯಾನ್ಸರ್ ಕಣಗಳಿವೆಯಾ, ಹೀಗೆ. ನಿಮ್ಮ ತಾಯಿಯವರಲ್ಲಿ ಕೊನೆಯದು ಒಂದು ಮಾತ್ರ ಇದೆ. ಡಾಕ್ಟರು ಎರಡು ಕಡೆಗೂ ತೂಗಿದ್ದು ಅದಕ್ಕೇ.

ಈಗ ರಕ್ತದ ಟೆಸ್ಟ್. ನಮ್ಮ ದೇಹದಲ್ಲಿ ಜೀವಕೋಶಗಳು ದಿನವೂ ಸಾಯುತ್ತವೆ, ಅವುಗಳ ಡಿಎನ್‌ಎ ಚೂರುಗಳು ರಕ್ತಕ್ಕೆ ಬೀಳುತ್ತವೆ. ಕ್ಯಾನ್ಸರ್ ಕೋಶಗಳದ್ದೂ ಹಾಗೆಯೇ ಬೀಳುತ್ತದೆ. ಅದನ್ನು ಸಿಟಿ-ಡಿಎನ್‌ಎ ಅನ್ನುತ್ತಾರೆ (ಸಿಟಿ ಸ್ಕ್ಯಾನ್‌ಗೂ ಇದಕ್ಕೂ ಸಂಬಂಧ ಇಲ್ಲ). ಈ ಚೂರುಗಳು ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುವುದಿಲ್ಲ, ಕೆಲವೇ ಗಂಟೆಗಳಲ್ಲಿ ಕರಗಿಹೋಗುತ್ತವೆ. ಹಾಗಾಗಿ ಗಡ್ಡೆ ತೆಗೆದು ಒಂದು ತಿಂಗಳಾದ ಮೇಲೂ ಆ ಗಡ್ಡೆಯದೇ ಡಿಎನ್‌ಎ ಸಿಕ್ಕರೆ, ಅದನ್ನು ಉದುರಿಸುತ್ತಿರುವ ಕೋಶಗಳು ದೇಹದಲ್ಲಿ ಎಲ್ಲೋ ಉಳಿದಿವೆ ಎಂದೇ ಅರ್ಥ. ಸ್ಕ್ಯಾನಿನಲ್ಲಿ ಕಾಣುವಷ್ಟು ದೊಡ್ಡದಾಗಲು ಅವಕ್ಕೆ ಇನ್ನೂ ತಿಂಗಳುಗಳೇ ಬೇಕಾಗಬಹುದು.

ಮೆಲ್ಬರ್ನಿನ ಡಾ. ಜೀನ್ ಟೈ ಮತ್ತು ಅವರ ಸಂಗಡಿಗರು ಇದನ್ನು ಎರಡು ಹಂತದಲ್ಲಿ ತೋರಿಸಿದರು. ಮೊದಲು, 2016ರಲ್ಲಿ, ಎರಡನೇ ಸ್ಟೇಜಿನ 230 ಜನರ ರಕ್ತ ಪರೀಕ್ಷಿಸಿ, ಚಿಕಿತ್ಸೆ ಬದಲಿಸದೆ ಸುಮ್ಮನೆ ಗಮನಿಸಿದರು. ಕೀಮೋ ತೆಗೆದುಕೊಳ್ಳದೆ ಟೆಸ್ಟ್ ಪಾಸಿಟಿವ್ ಇದ್ದ 14 ಜನರಲ್ಲಿ 11 ಜನರಿಗೆ ಕ್ಯಾನ್ಸರ್ ಮರಳಿ ಬಂತು. ನೆಗೆಟಿವ್ ಇದ್ದ 164 ಜನರಲ್ಲಿ ಬಂದದ್ದು 16 ಜನರಿಗೆ. ಬಯಾಪ್ಸಿ ರಿಪೋರ್ಟಿನ ಯಾವ ಸುಳಿವೂ ಇಷ್ಟು ಸ್ಪಷ್ಟವಾಗಿ ಎರಡು ಗುಂಪನ್ನು ಬೇರ್ಪಡಿಸುವುದಿಲ್ಲ. ಆದರೆ ಮುಂದೇನಾಗುತ್ತದೆ ಎಂದು ಹೇಳುವುದು ಬೇರೆ, ಆ ಮಾತು ನಂಬಿ ಚಿಕಿತ್ಸೆ ಬದಲಿಸಿದರೆ ರೋಗಿಗೆ ಒಳ್ಳೆಯದಾಗುತ್ತದೆ ಎಂದು ತೋರಿಸುವುದು ಬೇರೆ. ಎಷ್ಟೋ ಟೆಸ್ಟ್‌ಗಳು ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋತಿವೆ.

ಎರಡನೆಯದಕ್ಕಾಗಿ ನಡೆದದ್ದು ಡೈನಾಮಿಕ್ ಎಂಬ ಅಧ್ಯಯನ. ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ ಎರಡನೇ ಸ್ಟೇಜಿನ 455 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಡಾಕ್ಟರು ಎಂದಿನಂತೆ ರಿಪೋರ್ಟ್ ನೋಡಿ ತೀರ್ಮಾನಿಸಿದರು. ಇನ್ನೊಂದರಲ್ಲಿ ಆಪರೇಷನ್ ಆದ ನಾಲ್ಕನೇ ಮತ್ತು ಏಳನೇ ವಾರ ರಕ್ತ ತೆಗೆದು, ಎರಡರಲ್ಲಿ ಒಂದು ಪಾಸಿಟಿವ್ ಬಂದರೂ ಕೀಮೋ, ಎರಡೂ ನೆಗೆಟಿವ್ ಆದರೆ ಕೀಮೋ ಇಲ್ಲ ಎಂದು ನಡೆದುಕೊಂಡರು. ಮೊದಲ ಗುಂಪಿನಲ್ಲಿ ನೂರಕ್ಕೆ 28 ಜನ ಕೀಮೋ ತೆಗೆದುಕೊಂಡರು, ಟೆಸ್ಟ್ ಗುಂಪಿನಲ್ಲಿ 15 ಜನ ಮಾತ್ರ. ಕೀಮೋ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹಾಗಿದ್ದೂ ಎರಡು ವರ್ಷದ ಹೊತ್ತಿಗೆ ಕ್ಯಾನ್ಸರ್ ಮರಳದೆ ಬದುಕಿದ್ದವರು ಟೆಸ್ಟ್ ಗುಂಪಿನಲ್ಲಿ ಶೇ. 93.5, ಇನ್ನೊಂದರಲ್ಲಿ ಶೇ. 92.4. ಇದು 2022ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. 2025ರಲ್ಲಿ ಐದು ವರ್ಷದ ಲೆಕ್ಕ ಬಂದಾಗಲೂ ಅದೇ ಕಥೆ: ಶೇ. 88 ಮತ್ತು ಶೇ. 87. ಕರುಳಿನ ಕ್ಯಾನ್ಸರಿನಲ್ಲಿ ಐದು ವರ್ಷ ಎಂದರೆ ಭಯದ ಹೆಚ್ಚಿನ ಭಾಗ ಕಳೆದಂತೆ. ಹಾಗಾಗಿ ಈ ಎರಡನೇ ಲೆಕ್ಕಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಹಾಗಾದರೆ ನೆಗೆಟಿವ್ ಬಂದರೆ ಕ್ಯಾನ್ಸರ್ ಪೂರ್ತಿ ಹೋಯಿತು ಎಂದೇ? ಇಲ್ಲ. ಮೂಟೆ ಅಕ್ಕಿಯಲ್ಲಿ ಕಲ್ಲಿದೆಯಾ ಅಂತ ನೋಡಲು ಒಂದು ಬೊಗಸೆ ತೆಗೆದು ಆರಿಸುತ್ತೇವೆ ಅಲ್ವಾ? ಕಲ್ಲು ಸಿಕ್ಕರೆ ಮೂಟೆಯಲ್ಲಿ ಕಲ್ಲಿದೆ ಎಂದು ಗ್ಯಾರಂಟಿ. ಸಿಗದಿದ್ದರೆ ಕಡಿಮೆ ಇರಬಹುದು, ಇಲ್ಲದೆಯೂ ಇರಬಹುದು, ಆ ಬೊಗಸೆಗೆ ಬರದೆಯೂ ಇರಬಹುದು. ದೇಹದಲ್ಲಿ ಐದು ಲೀಟರಿನಷ್ಟು ರಕ್ತ ಇದೆ, ಟೆಸ್ಟಿಗೆ ತೆಗೆಯುವುದು ಕೆಲವು ಟ್ಯೂಬ್ ಮಾತ್ರ. ಅದೂ ಅಲ್ಲದೆ ಎಲ್ಲ ಜಾಗದ ಕ್ಯಾನ್ಸರ್ ಒಂದೇ ಸಮನೆ ಡಿಎನ್‌ಎ ಉದುರಿಸುವುದಿಲ್ಲ. ಲಿವರ್‌ಗೆ ಹರಡಿದ್ದು ಬೇಗ ಸಿಕ್ಕಿಬೀಳುತ್ತದೆ. ಶ್ವಾಸಕೋಶದಲ್ಲಿ ಅಥವಾ ಹೊಟ್ಟೆಯ ಒಳಪದರದಲ್ಲಿ ಕೂತದ್ದು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಡೈನಾಮಿಕ್‌ನಲ್ಲೂ ಟಿ4 ಗಡ್ಡೆ (ಕರುಳಿನ ಹೊರಮೈವರೆಗೆ ಬಂದದ್ದು; ಟಿ3 ಎಂದರೆ ಅಲ್ಲಿವರೆಗೆ ಬಾರದ್ದು) ಇದ್ದವರಿಗೆ ಟೆಸ್ಟ್ ನೆಗೆಟಿವ್ ಇದ್ದರೂ ಕ್ಯಾನ್ಸರ್ ಮರಳುವ ಸಂಭವ ಟಿ3ಯವರಿಗಿಂತ ಹೆಚ್ಚಿತ್ತು. ನಿಮ್ಮ ತಾಯಿಯವರದು ಟಿ3. 18 ಗಂಟು ನೋಡಿದ್ದಾರೆ. ಈ ಎರಡೂ ನಿಮ್ಮ ಪರವಾಗಿವೆ.

ಹಾಗಾಗಿ ನನ್ನ ಅಭಿಪ್ರಾಯ ಇದು. ಎಂಎಂಆರ್ ಸರಿ ಇದ್ದು, ಖರ್ಚು ಮನೆಗೆ ಭಾರವಾಗದಿದ್ದರೆ, ಹೊತ್ತಿಗೆ ಸರಿಯಾಗಿ ರಿಪೋರ್ಟ್ ಸಿಗುವಂತಿದ್ದರೆ, ನಿಮ್ಮ ತಾಯಿಯವರಿಗೆ ಈ ಟೆಸ್ಟ್ ಮಾಡಿಸುವುದಕ್ಕೆ ಅರ್ಥ ಇದೆ. ನೆಗೆಟಿವ್ ಬಂದರೆ ಕೀಮೋ ಬಿಟ್ಟು ನಿಗಾ ಇಡುವುದು ಆಧಾರವಿರುವ ತೀರ್ಮಾನ. ಪಾಸಿಟಿವ್ ಬಂದರೆ ಕೀಮೋ ಬೇಕು. ಅದೂ ಬರೀ ಮಾತ್ರೆ ಸಾಕಾ, ಜೊತೆಗೆ ಆಕ್ಸಾಲಿಪ್ಲಾಟಿನ್ ಡ್ರಿಪ್ ಸೇರಿಸಬೇಕಾ ಎಂದು ಮಾತಾಡಬೇಕು. ಡೈನಾಮಿಕ್‌ನ ಟೆಸ್ಟ್ ಗುಂಪಿನಲ್ಲಿ ಕೀಮೋ ಪಡೆದವರ ಪೈಕಿ ಹೆಚ್ಚಿನವರಿಗೆ ಆಕ್ಸಾಲಿಪ್ಲಾಟಿನ್ ಸೇರಿಸಿಯೇ ಕೊಟ್ಟಿದ್ದರು. ಖರ್ಚು ಕಷ್ಟ ಅನ್ನುವುದಾದರೆ ಸಾಲ ಮಾಡಿ ಮಾಡಿಸಲೇಬೇಕಾದ ಟೆಸ್ಟ್ ಇದಲ್ಲ. ರಿಪೋರ್ಟ್ ನೋಡಿ ತೀರ್ಮಾನಿಸಿದ ಗುಂಪಿನವರೂ ಅಷ್ಟೇ ಚೆನ್ನಾಗಿ ಉಳಿದರು ಎಂಬುದನ್ನು ಮರೆಯಬೇಡಿ. ಈ ಟೆಸ್ಟಿನ ಲಾಭ ಬೇಡದ ಕೀಮೋ ತಪ್ಪಿಸುವುದರಲ್ಲಿದೆ. ಹೆಚ್ಚು ಜೀವ ಉಳಿಸಿದೆ ಎಂದು ಎರಡನೇ ಸ್ಟೇಜಿನಲ್ಲಿ ಅದು ತೋರಿಸಿಲ್ಲ.

ಇದನ್ನು ಓದುವ ಬೇರೆಯವರಿಗೆ ಒಂದು ಎಚ್ಚರಿಕೆ. ಇಲ್ಲಿಯವರೆಗೆ ಹೇಳಿದ್ದು ಎರಡನೇ ಸ್ಟೇಜಿಗೆ. ಲಿಂಫ್ ಗಂಟಿಗೆ ಕ್ಯಾನ್ಸರ್ ಬಂದಿರುವ ಮೂರನೇ ಸ್ಟೇಜಿಗೆ ಇದನ್ನೇ ಎತ್ತಿ ಹಚ್ಚಬೇಡಿ. ಅದೇ ತಂಡ ಮೂರನೇ ಸ್ಟೇಜಿನಲ್ಲೂ ಅಧ್ಯಯನ ಮಾಡಿ 2025ರಲ್ಲಿ ಫಲಿತಾಂಶ ಕೊಟ್ಟಿತು. ಟೆಸ್ಟ್ ನೆಗೆಟಿವ್ ಇದ್ದವರಿಗೆ ಕೀಮೋ ಹಗುರ ಮಾಡಿದಾಗ, ಮೂರು ವರ್ಷಕ್ಕೆ ಕ್ಯಾನ್ಸರ್ ಮರಳದೆ ಇದ್ದವರು ಶೇ. 85.3. ಎಂದಿನ ಕೀಮೋ ಪಡೆದವರಲ್ಲಿ ಶೇ. 88.1. ಅಂತರ ಚಿಕ್ಕದು. ಆದರೆ "ಹಗುರ ಮಾಡಿದರೂ ಏನೂ ನಷ್ಟವಿಲ್ಲ" ಎಂದು ಹೇಳಲು ಮೊದಲೇ ಹಾಕಿಕೊಂಡಿದ್ದ ಗೆರೆಯನ್ನು ಅದು ಮುಟ್ಟಲಿಲ್ಲ. ಇನ್ನೊಂದು ಕಡೆ ಆಕ್ಸಾಲಿಪ್ಲಾಟಿನ್ ತೆಗೆದುಕೊಂಡವರು ನೂರಕ್ಕೆ 89ರಿಂದ 35ಕ್ಕೆ ಇಳಿದರು. ಆ ಔಷಧಿಯಿಂದ ಪಾದ ಜೋಮು ಹಿಡಿದು ಚಪ್ಪಲಿ ಜಾರಿದ್ದೂ ಗೊತ್ತಾಗದವರು, ಸೀರೆಗೆ ಪಿನ್ ಹಾಕಲಾಗದವರು ಇದ್ದಾರೆ. ಕೆಲವರಿಗೆ ಅದು ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಒಂದೆರಡು ಗಂಟಿಗೆ ಮಾತ್ರ ಬಂದವರಲ್ಲಿ ಡಾಕ್ಟರ ಜೊತೆ ಇದನ್ನು ತೂಗಿ ನೋಡಬಹುದು. ಮೂರನೇ ಸ್ಟೇಜಿನಲ್ಲಿ ನೆಗೆಟಿವ್ ಬಂತು ಎಂದು ಕೀಮೋವನ್ನೇ ಬಿಟ್ಟುಬಿಡುವುದಕ್ಕೆ ಮಾತ್ರ ಆಧಾರವಿಲ್ಲ. ಪಾಸಿಟಿವ್ ಬಂದವರಿಗೆ ಇನ್ನೂ ಜೋರಾದ ಕೀಮೋ ಕೊಟ್ಟು ನೋಡಿದ್ದರಿಂದಲೂ ಲಾಭ ಕಾಣಲಿಲ್ಲ.

ಟೆಸ್ಟ್ ಎಂದರೆ ಎಲ್ಲವೂ ಒಂದೇ ಅಲ್ಲ, ಇದನ್ನು ಲ್ಯಾಬಿನವರು ತಾವಾಗಿ ಹೇಳಲಿಕ್ಕಿಲ್ಲ. ಒಂದು ಬಗೆಯಲ್ಲಿ ಮೊದಲು ನಿಮ್ಮ ತಾಯಿಯವರ ಬ್ಲಾಕಿನ ಡಿಎನ್‌ಎ ಓದಿ, ಆ ಗಡ್ಡೆಯಲ್ಲಿ ಮಾತ್ರ ಇರುವ ಬದಲಾವಣೆ ಗುರುತಿಸಿ, ರಕ್ತದಲ್ಲಿ ಅದನ್ನೇ ಹುಡುಕುತ್ತಾರೆ. ಡೈನಾಮಿಕ್‌ನಲ್ಲಿ ಬಳಸಿದ್ದು ಈ ಬಗೆ. ಇನ್ನೊಂದು ಬಗೆಗೆ ಬ್ಲಾಕ್ ಬೇಡ, ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಕಾಣುವ ಗುರುತುಗಳನ್ನು ರಕ್ತದಲ್ಲಿ ನೇರವಾಗಿ ಹುಡುಕುತ್ತಾರೆ. ರಿಪೋರ್ಟ್ ಬೇಗ ಬರುತ್ತದೆ. ಆದರೆ ವಯಸ್ಸಾದಂತೆ ರಕ್ತಕೋಶಗಳಲ್ಲೇ ಆಗುವ ಬದಲಾವಣೆಗಳು ಕ್ಯಾನ್ಸರಿನಂತೆ ಕಂಡು ಮೋಸವಾಗಬಹುದು. ಅಮೆರಿಕದ ಕೋಬ್ರಾ ಎಂಬ ಅಧ್ಯಯನ ಬ್ಲಾಕ್ ಬೇಡದ ಟೆಸ್ಟ್ ಬಳಸಿತ್ತು. ಅದರಲ್ಲಿ ಪಾಸಿಟಿವ್ ಬಂದು, ಆರು ತಿಂಗಳ ಮೇಲೆ ಮತ್ತೆ ನೋಡಿದವರ ಪೈಕಿ, ಏನೂ ಚಿಕಿತ್ಸೆ ಕೊಡದ ಏಳು ಜನರಲ್ಲಿ ಮೂವರ ಟೆಸ್ಟ್ ತಾನಾಗಿ ನೆಗೆಟಿವ್ ಆಯಿತು. ಕೀಮೋ ಪಡೆದ ಒಂಬತ್ತರಲ್ಲಿ ಒಬ್ಬರದು ಮಾತ್ರ. ಅಧ್ಯಯನವನ್ನು ಅಲ್ಲಿಗೇ ನಿಲ್ಲಿಸಿದರು. ನಿಮಗೆ ನಾನು ಹೇಳುವುದು ಬ್ಲಾಕ್ ನೋಡಿ ಮಾಡುವ ಬಗೆಯನ್ನೇ.

ಈಗ ದಿನಗಳ ಲೆಕ್ಕ. ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಕೀಮೋ ಕೊಡುವುದಾದರೆ ಆಪರೇಷನ್ ಆದ ಎಂಟು ವಾರದೊಳಗೆ ಶುರುವಾದರೆ ಒಳ್ಳೆಯದು, ತಡವಾದಷ್ಟೂ ಲಾಭ ಕರಗುತ್ತದೆ. ನಿಮಗೆ ಈಗಾಗಲೇ ಮೂರು ವಾರ ಆಗಿದೆ. ಬ್ಲಾಕ್ ಓದಿ ಟೆಸ್ಟ್ ತಯಾರು ಮಾಡಲು ಲ್ಯಾಬಿಗೆ ವಾರಗಳು ಬೇಕು. ರಕ್ತ ತೆಗೆಯಲು ನಾಲ್ಕನೇ ವಾರದವರೆಗೆ ಕಾಯಬೇಕು, ಯಾಕೆಂದರೆ ಆಪರೇಷನ್ನಿನ ಗಾಯದಿಂದ ಮಾಮೂಲಿ ಡಿಎನ್‌ಎ ರಕ್ತದಲ್ಲಿ ತುಂಬಿಕೊಂಡು ಕ್ಯಾನ್ಸರಿನದ್ದು ಮುಚ್ಚಿಹೋಗುತ್ತದೆ. ಬ್ಲಾಕ್ ಕಳಿಸಲು ಮಾತ್ರ ಕಾಯುವ ಅಗತ್ಯವಿಲ್ಲ. ಮಂಗಳೂರಿನ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಅರ್ಜಿ ಕೊಟ್ಟು ಈ ವಾರವೇ ಬ್ಲಾಕ್ ತೆಗೆದುಕೊಳ್ಳಿ, ಎಂಎಂಆರ್ ಅಲ್ಲೇ ಮಾಡಲು ಹೇಳಿ. ಹಣ ಕಟ್ಟುವ ಮೊದಲು ಲ್ಯಾಬಿನವರಿಂದ ರಿಪೋರ್ಟ್ ಬರುವ ತಾರೀಕನ್ನು ಬರವಣಿಗೆಯಲ್ಲಿ ಕೇಳಿ. ಎರಡನೇ ಸಲ ರಕ್ತ ಕೊಡುವುದಕ್ಕೆ ಬೇರೆ ಹಣವಾ ಎಂದೂ ಕೇಳಿ. ರಕ್ತ ತೆಗೆಯುವುದು ಅವರು ಕೊಡುವ ವಿಶೇಷ ಟ್ಯೂಬಿನಲ್ಲೇ ಆಗಬೇಕು. ಶಿವಮೊಗ್ಗದಿಂದ ಕೊರಿಯರ್ ಹೋಗುವಾಗ ಮಾಮೂಲಿ ಸ್ಯಾಂಪಲ್‌ನಂತೆ ಐಸ್ ಹಾಕಿ ಕಳಿಸಿದರೆ ಕೆಡುತ್ತದೆ, ಕಿಟ್‌ನಲ್ಲಿ ಬರೆದ ಹಾಗೇ ಮಾಡಿ. ಇಷ್ಟಾಗಿಯೂ ಏಳೆಂಟನೇ ವಾರಕ್ಕೆ ರಿಪೋರ್ಟ್ ಕೈಗೆ ಬರುವುದಿಲ್ಲ ಎಂದರೆ, ರಿಪೋರ್ಟಿಗಾಗಿ ಕೀಮೋ ತೀರ್ಮಾನವನ್ನು ಎಳೆಯಬೇಡಿ.

ಕೀಮೋ ಎಂದು ತೀರ್ಮಾನವಾದರೆ ಇನ್ನೊಂದು ರಕ್ತದ ಟೆಸ್ಟ್ ನೆನಪಿಸಿ: ಡಿಪಿವೈಡಿ. ಕೀಮೋ ಮಾತ್ರೆಯಾದ ಕೇಪ್‌ಸಿಟಬೀನನ್ನು ಕರಗಿಸಿ ಹೊರಹಾಕುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅವರಿಗೆ ಮಾಮೂಲಿ ಡೋಸ್ ಕೊಟ್ಟರೆ ಜೀವಕ್ಕೇ ಅಪಾಯವಾಗಬಹುದು. ಯುರೋಪಿನ ಔಷಧ ನಿಯಂತ್ರಕರು 2020ರಿಂದ ಇದನ್ನು ಮೊದಲೇ ನೋಡಲು ಹೇಳುತ್ತಿದ್ದಾರೆ. ಡೋಸ್ ಇಳಿಸಿ ಕೊಟ್ಟರೆ ಅಪಾಯ ತುಂಬಾ ಕಡಿಮೆಯಾಗುತ್ತದೆ.

ಟೆಸ್ಟ್ ಪಾಸಿಟಿವ್ ಬಂದರೆ ಗಾಬರಿಯಾಗುವುದು ಸಹಜ. ಮೊದಲು ಹೊಸ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ, ಕಣ್ಣಿಗೆ ಕಾಣುವಂಥದ್ದು ಏನಾದರೂ ಇದೆಯಾ ಎಂದು. ಇಲ್ಲದಿದ್ದರೆ ಕೀಮೋ. ಡೈನಾಮಿಕ್‌ನಲ್ಲಿ ಪಾಸಿಟಿವ್ ಬಂದು ಕೀಮೋ ಪಡೆದವರಲ್ಲಿ ಶೇ. 86.4 ಜನ ಮೂರು ವರ್ಷಕ್ಕೆ ಕ್ಯಾನ್ಸರ್ ಮರಳದೆ ಇದ್ದರು. 2016ರ ಆ 14ರಲ್ಲಿ 11ರ ಲೆಕ್ಕದ ಪಕ್ಕ ಇದನ್ನಿಟ್ಟು ನೋಡಿ. ಎರಡು ಬೇರೆ ಅಧ್ಯಯನಗಳನ್ನು ನೇರ ಹೋಲಿಸಬಾರದು ನಿಜ, ಆದರೂ ಪಾಸಿಟಿವ್ ಎಂದರೆ ಕೈಮೀರಿತು ಎಂದಲ್ಲ ಅನ್ನುವುದಕ್ಕೆ ಇದು ಸಾಕು.

ಬೇರೆ ಕ್ಯಾನ್ಸರ್‌ಗಳ ಬಗ್ಗೆ ಪತ್ರ ಬರೆಯುವವರಿಗೆ ಚುಟುಕಾಗಿ: ಮೂತ್ರಕೋಶದ ಕ್ಯಾನ್ಸರಿನಲ್ಲಿ ಈ ದಾರಿ ಜೀವವನ್ನೇ ಉಳಿಸಿದೆ. 2025ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಮೂತ್ರಕೋಶ ತೆಗೆದ ಮೇಲೆ ಟೆಸ್ಟ್ ಪಾಸಿಟಿವ್ ಬಂದ 250 ಜನರಿಗೆ ಮಾತ್ರ ಅಟೆಜೊಲಿಜುಮಾಬ್ ಎಂಬ ಇಮ್ಯುನೋಥೆರಪಿ ಅಥವಾ ಔಷಧವಿಲ್ಲದ ಡ್ರಿಪ್ ಕೊಟ್ಟರು. ಔಷಧ ಪಡೆದವರಲ್ಲಿ ಅರ್ಧದಷ್ಟು ಜನ ಸುಮಾರು 33 ತಿಂಗಳಿಗಿಂತ ಹೆಚ್ಚು ಬದುಕಿದರು, ಪಡೆಯದವರಲ್ಲಿ ಅರ್ಧದಷ್ಟು ಜನ 21 ತಿಂಗಳಿಗಿಂತ ಹೆಚ್ಚು. ಸ್ತನ ಕ್ಯಾನ್ಸರಿನಲ್ಲಿ ಆಪರೇಷನ್ ಆದ ಮೇಲೆ ಈ ಟೆಸ್ಟ್ ನೋಡಿ ಚಿಕಿತ್ಸೆ ಬದಲಿಸುವ ಹಂತ ಇನ್ನೂ ಬಂದಿಲ್ಲ.

ಕೀಮೋ ಆಗಲಿ ಬಿಡಲಿ, ನಿಗಾ ತಪ್ಪಿಸಬೇಡಿ. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಸಿಇಎ ರಕ್ತಪರೀಕ್ಷೆ (ಕರುಳಿನ ಕ್ಯಾನ್ಸರಿನಲ್ಲಿ ಏರಬಹುದಾದ ಒಂದು ಪ್ರೋಟೀನ್ ನೋಡುವುದು), ಡಾಕ್ಟರು ಹೇಳಿದಷ್ಟು ಸಲ ಸಿಟಿ ಸ್ಕ್ಯಾನ್, ಒಂದು ವರ್ಷಕ್ಕೆ ಕೊಲೊನೋಸ್ಕೋಪಿ. ಲಿವರ್‌ನಲ್ಲಿ ಒಂದೆರಡು ಚುಕ್ಕೆ ಬೇಗ ಕಂಡರೆ ಆಪರೇಷನ್ ಮಾಡಿ ಪೂರ್ತಿ ಗುಣಪಡಿಸುವ ಅವಕಾಶ ಈ ಕಾಯಿಲೆಯಲ್ಲಿದೆ. ಡಿಎನ್‌ಎ ಟೆಸ್ಟ್ ನೆಗೆಟಿವ್ ಬಂತು ಎಂದು ಇವನ್ನು ಬಿಟ್ಟರೆ ಆ ಅವಕಾಶ ಕೈತಪ್ಪುತ್ತದೆ.

ಕೊನೆಗೆ, ಅಮ್ಮನಿಗೆ ಹೇಳಬೇಕಾ ಎಂದಿರಿ. ಹೇಳಿ. ರಿಪೋರ್ಟ್ ಬಂದ ಮೇಲಲ್ಲ, ರಕ್ತ ತೆಗೆಯುವ ಮೊದಲೇ. ಮುಚ್ಚಿಟ್ಟು ಮಾಡಿಸಿ ಪಾಸಿಟಿವ್ ಬಂದರೆ ಆರೋಗ್ಯವಾಗಿ ಓಡಾಡುತ್ತಿರುವವರಿಗೆ ಏಕಾಏಕಿ ಕೀಮೋ ಯಾಕೆ ಎಂದು ಏನು ಹೇಳುತ್ತೀರಿ? 57 ವರ್ಷದ ಅವರು ದೊಡ್ಡ ಆಪರೇಷನ್ ತಡೆದುಕೊಂಡಿದ್ದಾರೆ, ಈ ಮಾತನ್ನೂ ತಡೆದುಕೊಳ್ಳುತ್ತಾರೆ. ಕೆಲವರು ಚೂರು ಅನುಮಾನ ಇದ್ದರೂ ಕೀಮೋ ಕೊಟ್ಟುಬಿಡಿ ಅನ್ನುತ್ತಾರೆ. ಅವರಿಗೆ ಟೆಸ್ಟೇ ಬೇಡ. ಕೆಲವರು ಏನೇ ಬಂದರೂ ಕೀಮೋ ಬೇಡ ಅನ್ನುತ್ತಾರೆ. ಅವರಿಗೂ ಬೇಡ. ನಡುವೆ ಇರುವವರಿಗೆ ಈ ಟೆಸ್ಟ್. ನಿಮ್ಮ ತಾಯಿಯವರು ಇದರಲ್ಲಿ ಯಾರು ಎಂಬುದನ್ನು ಅವರೇ ಹೇಳಬೇಕು. ಮುಂದಿನ ಸಲ ಆಂಕಾಲಜಿಸ್ಟ್ ಹತ್ತಿರ ಹೋಗುವಾಗ ಅವರನ್ನೂ ಒಳಗೆ ಕರೆದುಕೊಂಡು ಹೋಗಿ, ಅಣ್ಣನನ್ನು ಫೋನಿನಲ್ಲಿ ಸೇರಿಸಿಕೊಳ್ಳಿ, ಎಂಎಂಆರ್ ರಿಪೋರ್ಟ್ ಕೈಯಲ್ಲಿರಲಿ.